ಶಾಲೆ ಸಿಸ್ಟರ್‌ಗಳದ್ದಾ, ಬಿಷಪ್ ಮನೆಯದ್ದಾ?

ಪ್ರಶ್ನೆ: ನಮ್ಮದು ದಕ್ಷಿಣ ಕೊಡಗಿನ ಒಂದು ಸಣ್ಣ ಊರು. ಸುಮಾರು 40 ವರ್ಷದಿಂದ ಸಿಸ್ಟರ್‌ಗಳು ಇಲ್ಲಿ ಶಾಲೆ ಮತ್ತು ಒಂದು ಪುಟ್ಟ ದವಾಖಾನೆ ನಡೆಸುತ್ತಿದ್ದಾರೆ. ತೋಟದ ಕೂಲಿಕಾರರ ಲೈನ್ ಮನೆ ಮಕ್ಕಳೇ ಜಾಸ್ತಿ. ಮುಂದಿನ ವರ್ಷದಿಂದ ಶಾಲೆಯ ಆಡಳಿತವನ್ನು ಧರ್ಮಪ್ರಾಂತ್ಯಕ್ಕೆ (ಬಿಷಪ್ ಆಡಳಿತದ ಕ್ಷೇತ್ರಕ್ಕೆ) ಬಿಟ್ಟುಕೊಡಿ ಎಂದು ಬಿಷಪ್ ಮನೆಯಿಂದ ಪತ್ರ ಬಂದಿದೆಯಂತೆ. ಸಿಸ್ಟರ್‌ಗಳು ಒಪ್ಪಿಲ್ಲ. ಆಮೇಲಿಂದ ಕಾನ್ವೆಂಟ್ ಚಾಪೆಲ್‌ನಲ್ಲಿ ಬೆಳಗಿನ ಪೂಜೆ ನಿಂತಿದೆ. ಬಿಷಪ್ ಹೇಳಿದ ಮೇಲೆ ಮುಗಿಯಿತು ಅನ್ನುತ್ತಾರೆ ಕೆಲವರು. ಸಿಸ್ಟರ್‌ಗಳು ರೋಮ್‌ಗೆ ಮಾತ್ರ ಉತ್ತರ ಕೊಡಬೇಕು ಅನ್ನುತ್ತಾರೆ ಇನ್ನು ಕೆಲವರು. ಯಾರು ಸರಿ? ಸಿಸ್ಟರ್‌ಗಳನ್ನು ಊರು ಬಿಡಿಸಬಹುದಾ? ಜಾಗ ತೋಟದವರು ದಾನ ಕೊಟ್ಟಿದ್ದು. ನಾವು ಸಹಿ ಸಂಗ್ರಹ ಶುರು ಮಾಡಿದ್ದೇವೆ. ಅದನ್ನು ಯಾರಿಗೆ ಕಳಿಸಬೇಕು?

ಉತ್ತರ: ಎರಡು ಕಡೆಯವರೂ ಅರ್ಧ ಸರಿ. ಆದರೆ ಇಬ್ಬರೂ ಕಾಗದ ನೋಡದೆ ಮಾತಾಡುತ್ತಿದ್ದಾರೆ ಅಂತ ನಿಮ್ಮ ಪತ್ರ ಓದಿದರೆ ಗೊತ್ತಾಗುತ್ತದೆ. ಇಂಥ ಜಗಳದಲ್ಲಿ ಬಿಷಪ್ ಒಳ್ಳೆಯವರಾ, ಸಿಸ್ಟರ್‌ಗಳು ಒಳ್ಳೆಯವರಾ ಅನ್ನೋದರಿಂದ ಏನೂ ತೀರ್ಮಾನ ಆಗಲ್ಲ. ಹಳೆಯ ಒಪ್ಪಿಗೆ ಪತ್ರದಲ್ಲಿ ಏನಿದೆ, ಶಾಲೆ ಶುರು ಮಾಡಿದ್ದು ಯಾರು, ಪಹಣಿಯಲ್ಲಿ ಯಾರ ಹೆಸರಿದೆ ಅನ್ನೋದರಿಂದ ಆಗುತ್ತದೆ.

ಯಾವ ಧರ್ಮಪ್ರಾಂತ್ಯ ಅಂತ ನೀವು ಬರೆದಿಲ್ಲ. ಕೊಡಗಿನಲ್ಲಿ ಇದು ಸುಮ್ನೆ ಕೇಳುವ ಪ್ರಶ್ನೆ ಅಲ್ಲ. ಲ್ಯಾಟಿನ್ ಸಂಪ್ರದಾಯದ ಕ್ಯಾಥೋಲಿಕರಿಗೆ ಜಿಲ್ಲೆ ಮೈಸೂರು ಧರ್ಮಪ್ರಾಂತ್ಯಕ್ಕೆ ಸೇರುತ್ತದೆ. ಕೇರಳ ಮೂಲದ ಸೀರೋ ಮಲಬಾರ್ ಕುಟುಂಬಗಳಿಗೆ 1999ರಲ್ಲಿ ಆದ ಬೆಳ್ತಂಗಡಿ ಧರ್ಮಪ್ರಾಂತ್ಯ ಇದೆ. ಒಂದೇ ರಸ್ತೆಯ ಎರಡು ಚರ್ಚುಗಳಿಗೆ ಇಬ್ಬರು ಬಿಷಪ್ ಇರಬಹುದು. ಧರ್ಮಸಭೆಯ ಕಾನೂನು ಪುಸ್ತಕವೂ ಎರಡು: ಲ್ಯಾಟಿನ್ನರಿಗೆ 1983ರ ಸಂಹಿತೆ, ಸೀರೋ ಮಲಬಾರ್‌ನಂಥ ಪೂರ್ವ ಸಂಪ್ರದಾಯದವರಿಗೆ 1990ರಲ್ಲಿ ಹೊರಬಂದ ಬೇರೆ ಸಂಹಿತೆ. ನಾನು ಇಲ್ಲಿ ಹೇಳುವ ಕಾನನ್ (ಕಾನೂನಿನ ಕಲಂ) ಸಂಖ್ಯೆಗಳು ಲ್ಯಾಟಿನ್ ಸಂಹಿತೆಯವು. ನಿಮ್ಮ ಸಿಸ್ಟರ್‌ಗಳ ಸಭೆ, ಅಂದರೆ ಅವರು ಸೇರಿರುವ ಸನ್ಯಾಸಿನಿಯರ ಸಂಸ್ಥೆ, ಸೀರೋ ಮಲಬಾರ್ ಆಗಿದ್ದರೆ ಸಂಖ್ಯೆ ಬೇರೆ, ನಿಯಮದಲ್ಲೂ ಅಲ್ಲಲ್ಲಿ ವ್ಯತ್ಯಾಸ ಇರುತ್ತದೆ. ಕಾನ್ವೆಂಟ್ ತೆರೆಯಲು ಲಿಖಿತ ಒಪ್ಪಿಗೆ ಕೊಟ್ಟ ಬಿಷಪ್ ಯಾರು ಅಂತ ಮೊದಲು ಕೇಳಿ. ಆ ಒಪ್ಪಿಗೆ ಇಲ್ಲದೆ ಯಾವ ಸಭೆಯೂ ಮನೆ ತೆರೆಯುವಂತಿಲ್ಲ (ಕಾನನ್ 609). ಅಂದರೆ ಆ ಪತ್ರ ಎಲ್ಲೋ ಒಂದು ಕಪಾಟಿನಲ್ಲಿ ಇದ್ದೇ ಇರುತ್ತದೆ.

ಈಗ ಸಭೆ ಯಾವ ಬಗೆಯದ್ದು ಅನ್ನೋದು. ಸಿಸ್ಟರ್‌ಗಳು ತಮ್ಮೊಳಗೆ ಡಯೋಸಿಸನ್, ಪೊಂಟಿಫಿಕಲ್ ಅಂತಲೇ ಹೇಳುತ್ತಾರೆ. ಬಿಷಪ್ ಒಬ್ಬರು ಸ್ಥಾಪಿಸಿ, ರೋಮ್‌ನ ಮಾನ್ಯತೆಯ ಆದೇಶ ಇನ್ನೂ ಸಿಗದ ಸಭೆ ಡಯೋಸಿಸನ್. ರೋಮ್ ಮಾನ್ಯ ಮಾಡಿದ್ದು ಪೊಂಟಿಫಿಕಲ್. ಮದರ್ ತೆರೇಸಾ ಅವರ ಸಭೆಯನ್ನೇ ನೋಡಿ. 1950ರಲ್ಲಿ ಕಲ್ಕತ್ತಾ ಆರ್ಚ್‌ಬಿಷಪ್ ಕೈಕೆಳಗಿನ ಸಭೆಯಾಗಿ ಶುರುವಾಯಿತು, 1965ರಲ್ಲಿ ಪೊಂಟಿಫಿಕಲ್ ಆಯಿತು. ಪೊಂಟಿಫಿಕಲ್ ಸಭೆಯ ಒಳಗಿನ ಆಡಳಿತ, ಶಿಸ್ತು ನೇರವಾಗಿ ರೋಮ್‌ಗೆ ಒಳಪಟ್ಟದ್ದು (ಕಾನನ್ 593). ಯಾವ ಸಿಸ್ಟರ್ ಎಲ್ಲಿಗೆ ವರ್ಗ, ಕಾನ್ವೆಂಟಿನ ಮುಖ್ಯಸ್ಥೆ ಅಂದರೆ ಸುಪೀರಿಯರ್ ಯಾರು ಅನ್ನೋದರಲ್ಲಿ ಸ್ಥಳೀಯ ಬಿಷಪ್ ಕೈ ಹಾಕುವಂತಿಲ್ಲ.

ಡಯೋಸಿಸನ್ ಆದರೆ ಬಿಷಪ್ ಅಧಿಕಾರ ಜಾಸ್ತಿ. ಇಡೀ ಸಭೆಯ ಮುಖ್ಯಸ್ಥೆಯಾದ ಮದರ್ ಜನರಲ್ ಚುನಾವಣೆಗೆ ಅವರೇ ಅಧ್ಯಕ್ಷತೆ ವಹಿಸುತ್ತಾರೆ, ಕಾನ್ವೆಂಟಿಗೆ ಭೇಟಿ ಕೊಟ್ಟು ಪರಿಶೀಲಿಸುತ್ತಾರೆ. ಹಾಗಂತ ಸಭೆ ಅವರ ಸ್ವಂತದ್ದಲ್ಲ. ಅಲ್ಲೂ ಸಭೆಗೆ ತನ್ನದೇ ಆದ ಸ್ವಾತಂತ್ರ್ಯ ಇದೆ, ಅದನ್ನು ಕಾಪಾಡುವುದು ಬಿಷಪ್ ಕರ್ತವ್ಯ (ಕಾನನ್ 586). ಇನ್ನೊಂದು ವಿಷಯ ಜನ ಮರೆಯುತ್ತಾರೆ. ಡಯೋಸಿಸನ್ ಸಭೆಯ ಚುನಾವಣೆ, ನಿಯಮಾವಳಿ ನೋಡಿಕೊಳ್ಳುವುದು ಅದರ ಮೂಲಮನೆ (ಮುಖ್ಯ ಕೇಂದ್ರ) ಇರುವ ಊರಿನ ಬಿಷಪ್. ಮೂಲಮನೆ ತ್ರಿಶ್ಶೂರಿನಲ್ಲೋ ಮಂಗಳೂರಿನಲ್ಲೋ ಇದ್ದರೆ, ಅಲ್ಲಿನವರನ್ನು ಬಿಟ್ಟು ಇಲ್ಲಿನ ಬಿಷಪ್ ಆ ಕೆಲಸ ಮಾಡುವಂತಿಲ್ಲ.

ಈ ಡಯೋಸಿಸನ್ ವ್ಯವಸ್ಥೆಯಲ್ಲಿ ಒಂದು ಬಿರುಕು ಇದೆ. 2018ರಲ್ಲಿ ನಮ್ಮ ಪಕ್ಕದ ಕೇರಳದ ಕುರವಿಲಂಗಾಡಿನಲ್ಲಿ ಅದು ಎಲ್ಲರ ಕಣ್ಣಿಗೆ ಬಿತ್ತು. ಅಲ್ಲಿ ದೂರು ಕೊಟ್ಟ ಸಿಸ್ಟರ್ ಜಲಂಧರ್ ಧರ್ಮಪ್ರಾಂತ್ಯದ ಕೈಕೆಳಗಿನ ಸಭೆಯವರು. ಲೈಂಗಿಕ ದೌರ್ಜನ್ಯದ ಆ ದೂರು ಇದ್ದದ್ದು ಅದೇ ಜಲಂಧರ್ ಬಿಷಪ್ ಮೇಲೆ. 2022ರ ಜನವರಿಯಲ್ಲಿ ಕೊಟ್ಟಾಯಂ ನ್ಯಾಯಾಲಯ ಬಿಷಪ್ ಅವರನ್ನು ಖುಲಾಸೆ ಮಾಡಿತು, ಅದರ ವಿರುದ್ಧ ಹೈಕೋರ್ಟಿಗೆ ಮೇಲ್ಮನವಿ ಹೋಯಿತು. ಆ ಕೇಸಿನ ಸರಿತಪ್ಪು ಇಲ್ಲಿ ನನ್ನ ವಿಷಯ ಅಲ್ಲ. ದೂರು ಕೇಳಬೇಕಾದ ಸ್ಥಾನದಲ್ಲಿ ಇರುವವರ ಮೇಲೆಯೇ ದೂರು ಬಂದರೆ ಎಲ್ಲಿಗೆ ಹೋಗಬೇಕು ಅನ್ನೋದು ವಿಷಯ. 2019ರಲ್ಲಿ ಪೋಪ್ ಫ್ರಾನ್ಸಿಸ್ ಬಿಷಪ್‌ಗಳ ಮೇಲಿನ ಲೈಂಗಿಕ ದೌರ್ಜನ್ಯದ ದೂರುಗಳಿಗೆ ಬೇರೆಯೇ ದಾರಿ ಮಾಡಿಕೊಟ್ಟರು. ಅಪರಾಧ ಅಂದರೆ ಪೊಲೀಸ್ ಠಾಣೆಯೇ, ಅದರಲ್ಲಿ ಎರಡು ಮಾತಿಲ್ಲ. ನಿಮ್ಮ ಊರಿನದು ಆ ಬಗೆಯ ಜಗಳ ಅಲ್ಲ, ಆಡಳಿತದ ಜಗಳ. ಎರಡನ್ನೂ ಬೆರೆಸಬೇಡಿ.

ಶಾಲೆಯ ವಿಷಯಕ್ಕೆ ಬರೋಣ. ಕಾನ್ವೆಂಟಿನ ಬಾಗಿಲು ದಾಟಿ ಹೊರಗೆ ಬಂದರೆ ಬಿಷಪ್ ಮಾತಿಗೆ ತೂಕ ಬರುತ್ತದೆ. ಸಾರ್ವಜನಿಕ ಆರಾಧನೆ, ಜನರ ಆತ್ಮಪಾಲನೆ, ಧರ್ಮಸೇವೆಯ ಕೆಲಸಗಳಲ್ಲಿ ಪೊಂಟಿಫಿಕಲ್ ಸಿಸ್ಟರ್‌ಗಳೂ ಅವರಿಗೆ ಒಳಪಟ್ಟವರೇ (ಕಾನನ್ 678). "ರೋಮ್‌ಗೆ ಮಾತ್ರ" ಅನ್ನುವ ಗುಂಪು ಇಲ್ಲಿ ಎಡವುತ್ತದೆ. ಆದರೆ ಶಾಲೆಗಳ ಬಗ್ಗೆ ಕಾನನ್ 806 ತುಂಬಾ ನಾಜೂಕಾಗಿ ಗೆರೆ ಎಳೆದಿದೆ. ತಮ್ಮ ಕ್ಷೇತ್ರದ ಎಲ್ಲಾ ಕ್ಯಾಥೋಲಿಕ್ ಶಾಲೆಗಳನ್ನು ಬಿಷಪ್ ಬಂದು ನೋಡಬಹುದು, ಸಾಮಾನ್ಯ ನಿಯಮ ಮಾಡಬಹುದು. ಸಿಸ್ಟರ್‌ಗಳು ನಡೆಸುವ ಶಾಲೆಗೂ ಅದು ಅನ್ವಯಿಸುತ್ತದೆ. ಆದರೆ ಶಾಲೆಯ ಒಳ ಆಡಳಿತದಲ್ಲಿ ಸಿಸ್ಟರ್‌ಗಳ ಸ್ವಾತಂತ್ರ್ಯ ಹಾಗೇ ಉಳಿಯುತ್ತದೆ. ಧರ್ಮಬೋಧನೆ ಸರಿಯಾಗಿ ನಡೀತಿಲ್ಲ ಅಂತ ಬಿಷಪ್ ಪತ್ರ ಬರೆದರೆ ಸಿಸ್ಟರ್‌ಗಳು ಉತ್ತರ ಕೊಡಲೇಬೇಕು. ಹೆಡ್‌ಮಿಸ್ಟ್ರೆಸ್ ಬದಲಾಯಿಸಿ, ಫೀಸಿನ ಹಣ ನಮ್ಮ ಖಾತೆಗೆ ಕಟ್ಟಿ ಅಂದರೆ, ಶಾಲೆ ಸಭೆಯದ್ದೇ ಆಗಿದ್ದಲ್ಲಿ ಒಪ್ಪಬೇಕಾಗಿಲ್ಲ.

"ಸಭೆಯದ್ದೇ ಆಗಿದ್ದಲ್ಲಿ" ಅಂದೆನಲ್ಲ, ನಿಮ್ಮ ಜಗಳ ನಿಂತಿರುವುದೇ ಅದರ ಮೇಲೆ. ಸಿಸ್ಟರ್‌ಗಳು ತಾವೇ ಕಟ್ಟಿದ ಶಾಲೆ ಬೇರೆ. ಧರ್ಮಪ್ರಾಂತ್ಯ ಕಟ್ಟಿ, ನಡೆಸಿಕೊಂಡು ಹೋಗಿ ಅಂತ ಸಿಸ್ಟರ್‌ಗಳಿಗೆ ಒಪ್ಪಿಸಿದ ಶಾಲೆ ಬೇರೆ. ಎರಡನೆಯದಕ್ಕೆ ಬಿಷಪ್ ಮತ್ತು ಸಭೆಯ ಮಧ್ಯೆ ಲಿಖಿತ ಒಪ್ಪಂದ ಇರಬೇಕು ಅಂತ ಕಾನನ್ 681 ಹೇಳುತ್ತದೆ: ಕೆಲಸ ಏನು, ಎಷ್ಟು ಜನ ಸಿಸ್ಟರ್‌ಗಳು, ಹಣಕಾಸು ಹೇಗೆ ಅಂತ. ಎಸ್ಟೇಟ್ ರೈಟರ್ ಮೂವತ್ತು ವರ್ಷ ತೋಟ ನೋಡಿಕೊಂಡರೂ ತೋಟ ಅವರದಾಗಲ್ಲ ಅಲ್ವಾ? ಒಪ್ಪಿಸಿದ ಶಾಲೆಯೂ ಹಾಗೇ. ಒಪ್ಪಂದದ ಅವಧಿ ಮುಗಿದಿದ್ದರೆ, ವಾಪಸ್ ಕೇಳುವುದು ಬಿಷಪ್ ಹಕ್ಕು. ಸಿಸ್ಟರ್‌ಗಳು ಎಷ್ಟೇ ಚೆನ್ನಾಗಿ ನಡೆಸಿರಲಿ.

ಕಷ್ಟ ಏನಂದರೆ, ಹಳೆಯ ಕಾಲದ ಬಹಳಷ್ಟು ಶಾಲೆಗಳು ಇವೆರಡರ ಮಧ್ಯೆ ಎಲ್ಲೋ ಇರುತ್ತವೆ. ಜಾಗ ಚರ್ಚಿನದು, ಕಟ್ಟಡ ಸಭೆಯದು, ಮಾನ್ಯತೆ ಮೂರನೇ ಹೆಸರಿನಲ್ಲಿ. ಆಗಿನ ಬಿಷಪ್ಪೂ ಮದರ್ ಜನರಲ್ಲೂ ಒಂದು ಕಾಫಿ ಕುಡಿದು ಮಾತಲ್ಲೇ ಮುಗಿಸಿರುತ್ತಾರೆ. ಇಬ್ಬರೂ ಈಗ ಇಲ್ಲ. ಬಂದ ಹೊಸಬರಿಗೆ ಆ ಮಾತು ಗೊತ್ತಿಲ್ಲ. ನಾನು ಕಂಡ ಇಂಥ ಜಗಳಗಳಲ್ಲಿ ದುರಾಸೆಗಿಂತ ಈ ಬಾಯಿಮಾತಿನ ಕಾಟವೇ ಜಾಸ್ತಿ.

ಪಹಣಿ ತೆಗೆಸಿ. 9ನೇ ಕಾಲಂನಲ್ಲಿ ಯಾರ ಹೆಸರಿದೆ ನೋಡಿ, 11ನೇ ಕಾಲಂನಲ್ಲಿ ಹಕ್ಕು, ಋಣ ಏನು ಬರೆದಿದೆ ನೋಡಿ. ಸಭೆಯ ಸೊಸೈಟಿಯ ಹೆಸರಾ, ಧರ್ಮಪ್ರಾಂತ್ಯದ ಹೆಸರಾ, ಧರ್ಮಕೇಂದ್ರದ (ಊರ ಚರ್ಚಿನ) ಹಳೆಯ ಗುರುವಿನ ಸ್ವಂತ ಹೆಸರಾ? ಹಾಗೂ ಇರುತ್ತದೆ, ಆಶ್ಚರ್ಯಪಡಬೇಡಿ. ದಾನ ಕೊಟ್ಟ ಜಾಗ ಅಂದಿರಿ. ದಾನಪತ್ರ ನೋಂದಣಿ ಆಗಿದೆಯಾ? ಕೊಡಗಿನಲ್ಲಿ ಇನ್ನೊಂದು ತೊಡಕು ಇದೆ. ಅದು ಜಮ್ಮಾ ಜಾಗ (ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಜಮೀನು) ಆಗಿದ್ದರೆ ಪಟ್ಟೇದಾರರ, ಅಂದರೆ ಕುಟುಂಬದ ಹಿರಿಯರ, ಹೆಸರಿನ ಹಿಂದೆ ಇಡೀ ಒಕ್ಕದ (ಕುಲದ) ಹಕ್ಕು ಇರುತ್ತದೆ. ಒಬ್ಬರೇ ಸಹಿ ಹಾಕಿ ಕೊಟ್ಟಿದ್ದರೆ ನಾಳೆ ಅವರ ದಾಯಾದಿಗಳು ಬಂದು ಕೇಳಬಹುದು. ಆಗ ಬಿಷಪ್ಪೂ ಸಿಸ್ಟರ್‌ಗಳೂ ಒಂದೇ ಕಡೆ ನಿಂತು ಕೋರ್ಟಿನಲ್ಲಿ ವಾದ ಮಾಡಬೇಕಾಗುತ್ತದೆ. ಬಾಣೆಯೋ (ಗದ್ದೆಗೆ ಸೇರಿದ ಕಾಡುಜಾಗ) ಪೈಸಾರಿಯೋ (ಸರ್ಕಾರಿ ಜಾಗ) ಆಗಿದ್ದರೆ ವಕೀಲರಿಗೆ ತೋರಿಸದೆ ಒಂದು ಮಾತೂ ಆಡಬೇಡಿ.

ದಾನ ಕೊಡುವಾಗ ಉದ್ದೇಶ ಬರೆಯುವುದು ಒಳ್ಳೆಯದು. ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚಿನ ಕಥೆ ನಿಮಗೆ ಗೊತ್ತಿರುತ್ತದೆ. ಟಿಪ್ಪು ಕಾಲದಲ್ಲಿ ಓಡಿಬಂದ ಕ್ಯಾಥೋಲಿಕರಿಗೆ ದೊಡ್ಡ ವೀರರಾಜೇಂದ್ರ ಆಸರೆ, ಜಾಗ ಕೊಟ್ಟಿದ್ದು 1792ರಲ್ಲಿ. ಕ್ರೈಸ್ತನಲ್ಲದ ರಾಜ ಕೊಟ್ಟ ಜಾಗದಲ್ಲಿ ಇವತ್ತಿಗೂ ಪೂಜೆ ನಡೀತಿದೆ. ನಿಮ್ಮ ತೋಟದವರ ದಾನಪತ್ರದಲ್ಲಿ "ಇಂಥ ಸಭೆಯ ಸಿಸ್ಟರ್‌ಗಳು ಶಾಲೆ ನಡೆಸಲು" ಅಂತ ಇದ್ದರೆ ಅದು ತೂಕದ ಮಾತು. ದಾನಿಯ ಇಚ್ಛೆಯನ್ನು ಧರ್ಮಸಭೆಯ ಕಾನೂನೂ ಗೌರವಿಸುತ್ತದೆ, ನಮ್ಮ ಕೋರ್ಟುಗಳೂ ನೋಡುತ್ತವೆ.

ಆಸ್ತಿ ತಮ್ಮ ಹೆಸರಿನಲ್ಲೇ ಇದ್ದರೂ ಸಿಸ್ಟರ್‌ಗಳು ಮನಸ್ಸಿಗೆ ಬಂದಂತೆ ಮಾರಲು ಆಗಲ್ಲ ಅನ್ನೋದೂ ಗೊತ್ತಿರಲಿ. ಡಯೋಸಿಸನ್ ಸಭೆಗೆ ಬಿಷಪ್ ಲಿಖಿತ ಒಪ್ಪಿಗೆ ಬೇಕು, ಒಂದು ಮಿತಿ ಮೀರಿದ ಬೆಲೆಯದಾದರೆ ಯಾವ ಸಭೆಗಾದರೂ ರೋಮ್ ಅನುಮತಿ ಬೇಕು (ಕಾನನ್ 638). ಲಾಸ್ ಏಂಜಲೀಸ್‌ನಲ್ಲಿ ಹೀಗೇ ಆಯಿತು. 2015ರಲ್ಲಿ ವಯಸ್ಸಾದ ಸಿಸ್ಟರ್‌ಗಳು ತಮ್ಮ ಹಳೆಯ ಕಾನ್ವೆಂಟನ್ನು ಒಬ್ಬ ಉದ್ಯಮಿಗೆ ಮಾರಿದರು, ಆರ್ಚ್‌ಬಿಷಪ್ ಅದನ್ನು ಗಾಯಕಿ ಕೇಟಿ ಪೆರ್ರಿಗೆ ಮಾರಲು ಹೊರಟಿದ್ದರು. 2016ರಲ್ಲಿ ಅಲ್ಲಿನ ಸಿವಿಲ್ ಕೋರ್ಟು ಸಿಸ್ಟರ್‌ಗಳು ಮಾಡಿದ ಮಾರಾಟ ಊರ್ಜಿತ ಅಲ್ಲ ಅಂದಿತು. ಅನುಮತಿ ತೆಗೆದುಕೊಂಡಿರಲಿಲ್ಲ, ಅದೇ ಕಾರಣ.

ನಮ್ಮ ದೇಶದ ಕೋರ್ಟು ನೋಂದಣಿ ಪತ್ರವನ್ನು ಮೊದಲು ನೋಡುತ್ತದೆ, ಕಾನನ್ ಕಾನೂನನ್ನು ಆಮೇಲೆ. ಸಂಬಳದ ವಿಷಯದಲ್ಲಿ ಇದು ಚೆನ್ನಾಗಿ ಕಂಡಿತು. ಬಡತನದ ವ್ರತ ಇದೆ, ಸಂಬಳ ಸಭೆಗೆ ಹೋಗುತ್ತದೆ, ಆದ್ದರಿಂದ ತೆರಿಗೆ ಹಿಡಿಯಬೇಡಿ ಅಂತ ಅನುದಾನಿತ ಶಾಲೆಗಳ ಸಿಸ್ಟರ್‌ಗಳು, ಫಾದರ್‌ಗಳ ಪರವಾಗಿ ವಾದ ಆಯಿತು. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ನಿಮ್ಮ ಶಾಲೆಯ ವಿಷಯದಲ್ಲೂ ಅಷ್ಟೇ. ಶಿಕ್ಷಣ ಇಲಾಖೆಯ ದಾಖಲೆಯಲ್ಲಿ ಆಡಳಿತ ಮಂಡಳಿ ಅಂತ ಯಾವ ಸೊಸೈಟಿ ಇದೆಯೋ ಇಲಾಖೆಯ ಮಟ್ಟಿಗೆ ಶಾಲೆ ಅದರದು. ಬಿಷಪ್ ಮನೆಯ ಒಂದು ಪತ್ರದಿಂದ ಅದು ಬದಲಾಗಲ್ಲ.

ಊರು ಬಿಡಿಸುವ ಪ್ರಶ್ನೆ. ಕಾನ್ವೆಂಟ್ ಮುಚ್ಚುವ ಅಧಿಕಾರ ಇರುವುದು ಮದರ್ ಜನರಲ್‌ಗೆ, ಬಿಷಪ್ ಜೊತೆ ಸಮಾಲೋಚನೆ ಮಾಡಿದ ಮೇಲೆ (ಕಾನನ್ 616). ಬಿಷಪ್ ತಾವಾಗಿ ಮುಚ್ಚಿಸುವಂತಿಲ್ಲ. ಹಿಂದೆ ಕೊಟ್ಟ ಒಪ್ಪಿಗೆಯನ್ನು ಹೊಸ ಬಿಷಪ್ ಬಂದು ಸುಮ್ನೆ ಹರಿದುಹಾಕಲು ಆಗಲ್ಲ. ಒಬ್ಬ ಸಿಸ್ಟರ್ ನನ್ನ ಧರ್ಮಪ್ರಾಂತ್ಯದಲ್ಲಿ ಇರುವಂತಿಲ್ಲ ಅಂತ ಬಿಷಪ್ ಹೇಳಬಹುದು, ಆದರೆ ಕಾರಣ ಅತ್ಯಂತ ಗಂಭೀರ ಆಗಿರಬೇಕು. ಮೊದಲು ಅವರ ಮೇಲಿನವರಿಗೆ ತಿಳಿಸಿರಬೇಕು, ಅವರು ಕ್ರಮ ತೆಗೆದುಕೊಳ್ಳದೆ ಇರಬೇಕು, ಕೂಡಲೇ ರೋಮ್‌ಗೆ ವರದಿ ಹೋಗಬೇಕು (ಕಾನನ್ 679). ಶಾಲೆ ಬಿಟ್ಟುಕೊಡಲಿಲ್ಲ ಅನ್ನೋದು ಆ ಪಟ್ಟಿಗೆ ಬರಲ್ಲ. ನಿಜವಾದ ಅಪಾಯ ಬೇರೆ ಇದೆ. ಜಗಳದಿಂದ ಬೇಸತ್ತು, ಹೊಸ ಸಿಸ್ಟರ್‌ಗಳೂ ಸಿಗದೆ, ಸಭೆಯೇ ಗಂಟುಮೂಟೆ ಕಟ್ಟಬಹುದು. ಅದಕ್ಕೆ ಬಿಷಪ್ ಆದೇಶ ಬೇಕಿಲ್ಲ.

ಇಂಥ ಜಗಳ ಹೊಸದಲ್ಲ. ಆಸ್ಟ್ರೇಲಿಯಾದ ಮೇರಿ ಮೆಕಿಲಪ್ ಕಥೆ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ನಿಮ್ಮ ಊರಿಗೆ ಹತ್ತಿರ ಇದೆ. 1866ರಲ್ಲಿ ಪೆನೋಲಾ ಎಂಬ ಹಳ್ಳಿಯಲ್ಲಿ ಬಡವರ ಮಕ್ಕಳಿಗೆ ಶಾಲೆ ಶುರು ಮಾಡಿದರು. ಸಿಸ್ಟರ್‌ಗಳು ಹೆಚ್ಚಾದರು, ಶಾಲೆಗಳು ಹೆಚ್ಚಾದವು. ಎಲ್ಲಾ ಮನೆಗಳೂ ಒಬ್ಬ ಮದರ್ ಕೈಕೆಳಗೆ ಇರಬೇಕು ಅಂತ ಮೇರಿ. ಪ್ರತಿ ಮನೆಯೂ ಆಯಾ ಊರಿನ ಗುರುಗಳ ಕೈಕೆಳಗೆ ಇರಲಿ ಅಂತ ಅಡಿಲೇಡ್ ಬಿಷಪ್ ಶೀಲ್. ಮೇರಿ ಒಪ್ಪಲಿಲ್ಲ. 1871ರ ಸೆಪ್ಟೆಂಬರ್ 22ರಂದು ಬಿಷಪ್ ಅವರನ್ನು ಧರ್ಮಸಭೆಯಿಂದಲೇ ಬಹಿಷ್ಕರಿಸಿದರು. ಆಗ ಅವರಿಗೆ 29 ವರ್ಷ. ಬಹಳ ಸಿಸ್ಟರ್‌ಗಳು ಬೀದಿಗೆ ಬಿದ್ದರು. ಐದು ತಿಂಗಳಲ್ಲಿ ಬಿಷಪ್ ಕಾಯಿಲೆಯಿಂದ ಹಾಸಿಗೆ ಹಿಡಿದು, ಸಾಯುವ ಕೆಲವೇ ದಿನ ಮೊದಲು ಬಹಿಷ್ಕಾರ ವಾಪಸ್ ತೆಗೆದುಕೊಂಡರು. 1873ರಲ್ಲಿ ಮೇರಿ ಹಡಗು ಹತ್ತಿ ರೋಮ್‌ಗೆ ಹೋದರು. ಮದರ್ ಒಬ್ಬರ ಕೈಕೆಳಗಿನ ಆಡಳಿತಕ್ಕೆ ರೋಮ್ ಒಪ್ಪಿತು. ಬಡತನದ ಬಗ್ಗೆ ಅವರು ಹಾಕಿಕೊಂಡಿದ್ದ ಕಟ್ಟುನಿಟ್ಟಿನ ನಿಯಮವನ್ನು ಮಾತ್ರ ಬದಲಾಯಿಸಿತು. ಅಂದರೆ ಪೂರ್ತಿ ಗೆಲುವೂ ಅಲ್ಲ.

ಅಲ್ಲಿಗೂ ಮುಗಿಯಲಿಲ್ಲ. ಬಾತರ್ಸ್ಟ್ ಮತ್ತು ಬ್ರಿಸ್ಬೇನ್ ಬಿಷಪ್‌ಗಳು ಅಣ್ಣತಮ್ಮಂದಿರು, ಕ್ವಿನ್ ಅಂತ. ಇಬ್ಬರೂ ಒಪ್ಪಲಿಲ್ಲ. ಒಬ್ಬರು ತಮ್ಮದೇ ಪ್ರತ್ಯೇಕ ಸಭೆ ಮಾಡಿಕೊಂಡರು, ಇನ್ನೊಬ್ಬರ ಕ್ಷೇತ್ರದಿಂದ ಸಿಸ್ಟರ್‌ಗಳು ಹೊರಟೇ ಹೋದರು. 2010ರಲ್ಲಿ ಪೋಪ್ ಬೆನೆಡಿಕ್ಟ್ ಮೇರಿಯನ್ನು ಸಂತರ ಸಾಲಿಗೆ ಸೇರಿಸಿದರು. ಸಿಸ್ಟರ್‌ಗಳ ಪರ ಇರುವವರು ಈ ಕಥೆ ಹೇಳುವಾಗ ಇದನ್ನೇ ಹೇಳಿ ಚಪ್ಪಾಳೆ ತಟ್ಟುತ್ತಾರೆ. ನನಗೆ ಮುಖ್ಯ ಅನಿಸುವುದು ಅವರು ಹೋದ ದಾರಿ. ಮೇರಿ ಬಿಷಪ್ ವಿರುದ್ಧ ಊರೂರಲ್ಲಿ ಭಾಷಣ ಮಾಡಲಿಲ್ಲ. ಕಾಗದ ಹಿಡಿದುಕೊಂಡು ಮೇಲಿನವರ ಹತ್ತಿರ ಹೋದರು.

ಬೇರೆ ದಾರಿ ಹಿಡಿದವರೂ ಇದ್ದಾರೆ. ಸ್ಪೇನಿನ ಬೆಲೊರಾಡೊ ಮಠದ ಕ್ಲಾರಾ ಸಿಸ್ಟರ್‌ಗಳು ಇನ್ನೊಂದು ಮಠದ ಕಟ್ಟಡ ಕೊಳ್ಳುವ ವಿಷಯದಲ್ಲಿ ಮೇಲಿನವರ ಜೊತೆ ಕಿತ್ತಾಡಿ, 2024ರ ಮೇ ತಿಂಗಳಲ್ಲಿ ಧರ್ಮಸಭೆಯನ್ನೇ ಬಿಡುತ್ತೇವೆ ಅಂತ ಘೋಷಿಸಿದರು. ಜೂನ್‌ನಲ್ಲಿ 10 ಜನರ ಬಹಿಷ್ಕಾರ ಆಯಿತು. ಕೊನೆಗೆ ಕಟ್ಟಡ ಖಾಲಿ ಮಾಡಿಸುವ ಕೇಸು ಸಿವಿಲ್ ಕೋರ್ಟಿಗೆ ಹೋಯಿತು. ಅವರ ಅಹವಾಲಿನಲ್ಲಿ ಹುರುಳಿತ್ತೋ ಇಲ್ಲವೋ, ಹೊರಗೆ ನಡೆದ ಮೇಲೆ ಅದನ್ನು ಕೇಳುವವರೇ ಇಲ್ಲವಾದರು.

ನಿಮ್ಮ ಸಿಸ್ಟರ್‌ಗಳಿಗೆ ಇರುವ ದಾರಿ ಇದು, ಮತ್ತು ಇಲ್ಲಿ ದಿನಗಳ ಲೆಕ್ಕ ಬಿಗಿ. ಬಂದ ಪತ್ರ ಬರೀ ಸಲಹೆಯಾ, ಆದೇಶವಾ ಅಂತ ನೋಡಬೇಕು. ಆದೇಶ ಆದರೆ ಲಿಖಿತವಾಗಿರಬೇಕು, ಕಾರಣವನ್ನು ಚುಟುಕಾಗಿಯಾದರೂ ಹೇಳಿರಬೇಕು, ಅದಕ್ಕೂ ಮೊದಲು ಸಿಸ್ಟರ್‌ಗಳ ಮಾತು ಕೇಳಿರಬೇಕು (ಕಾನನ್ 50, 51). ಆದೇಶ ಕೈಸೇರಿದ 10 ದಿನದೊಳಗೆ ಬಿಷಪ್ ಅವರಿಗೇ ಬರೆಯಬೇಕು, ಇದನ್ನು ಹಿಂದಕ್ಕೆ ಪಡೆಯಿರಿ ಅಥವಾ ತಿದ್ದಿ ಅಂತ. ಅವರಿಗೆ 30 ದಿನ ಸಮಯ. ಒಪ್ಪದಿದ್ದರೆ, ಸುಮ್ಮನಿದ್ದರೂ ಸರಿ, ಆಮೇಲಿನ 15 ದಿನದೊಳಗೆ ರೋಮ್‌ನ ಇಲಾಖೆಗೆ ಮೇಲ್ಮನವಿ (ಕಾನನ್ 1734ರಿಂದ 1737). ಸಿಸ್ಟರ್‌ಗಳ ಸಭೆಗಳನ್ನು ನೋಡಿಕೊಳ್ಳುವ ಪ್ರತ್ಯೇಕ ಇಲಾಖೆ ಅಲ್ಲಿದೆ. ಅದರ ತೀರ್ಮಾನವೂ ಸರಿ ಅನಿಸದಿದ್ದರೆ ಕೊನೆಗೆ ಧರ್ಮಸಭೆಯ ಮೇಲಿನ ನ್ಯಾಯಾಲಯ. ಬೇಜಾರಲ್ಲಿ ಕೂತು 10 ದಿನ ಕಳೆದುಕೊಂಡ ಕಾನ್ವೆಂಟ್‌ಗಳಿವೆ. ಸುಪೀರಿಯರ್ ಇವತ್ತೇ ಪ್ರೊವಿನ್ಶಿಯಲ್‌ಗೆ (ಸಭೆಯ ಪ್ರಾಂತೀಯ ಮುಖ್ಯಸ್ಥೆಗೆ) ಫೋನ್ ಮಾಡಲಿ. ಮನವಿಗೆ ಸಹಿ ಮಾಡಬೇಕಾದವರು ಸಭೆಯ ಮೇಲಿನವರು, ಊರಿನವರಲ್ಲ.

ಚಾಪೆಲ್ ಪೂಜೆ ನಿಲ್ಲಿಸಿದ್ದು ನನಗೆ ಸರಿ ಕಾಣಲಿಲ್ಲ. ಕಾನ್ವೆಂಟಿನಲ್ಲಿ ಚಾಪೆಲ್ ಇರಬೇಕು, ಅಲ್ಲಿ ಪರಮಪ್ರಸಾದ ಇಡಬೇಕು ಅನ್ನೋದು ಕಾನೂನೇ (ಕಾನನ್ 608). ಗುರುಗಳ ಕೊರತೆ ಇದ್ದು ದಿನಾ ಬರಲು ಆಗಲ್ಲ ಅಂದರೆ ಅದು ಬೇರೆ ಮಾತು. ನಮ್ಮ ಕಡೆ ಒಬ್ಬ ಫಾದರ್ ಮೂರು ನಾಲ್ಕು ಸಬ್‌ಸ್ಟೇಷನ್ (ಸಣ್ಣ ಉಪಚರ್ಚು) ಓಡಾಡುತ್ತಾರೆ, ಮಳೆಗಾಲದಲ್ಲಿ ಆ ರಸ್ತೆಗಳ ಸ್ಥಿತಿ ನಿಮಗೇ ಗೊತ್ತು. ಆದರೆ ಶಾಲೆ ಬಿಟ್ಟುಕೊಡಲಿ ಅಂತ ಪೂಜೆ ನಿಲ್ಲಿಸುವುದು, ಆಡಳಿತದ ಜಗಳಕ್ಕೆ ಸಂಸ್ಕಾರವನ್ನು ಆಯುಧ ಮಾಡಿಕೊಂಡಂತೆ. ನಿಲ್ಲಿಸಿದ್ದು ಬಿಷಪ್ ಆದೇಶದಿಂದಲೋ, ಫಾದರ್ ತಾವಾಗಿಯೋ ಅಂತ ಸಿಸ್ಟರ್‌ಗಳು ಬರಹದಲ್ಲಿ ಕೇಳಲಿ. ಇಂಥ ಪ್ರಶ್ನೆ ಬರಹದಲ್ಲಿ ಹೋದರೆ ಎಷ್ಟೋ ಸಲ ಮುಂದಿನ ಸೋಮವಾರವೇ ಪೂಜೆ ಶುರುವಾಗುತ್ತದೆ.

ನಿಮ್ಮ ಸಹಿ ಸಂಗ್ರಹ. ಅಭಿಪ್ರಾಯ ತಿಳಿಸುವುದು ನಿಮ್ಮ ಹಕ್ಕು, ಕೆಲವೊಮ್ಮೆ ಕರ್ತವ್ಯ ಕೂಡ (ಕಾನನ್ 212). ಪತ್ರ ಬಿಷಪ್ ಹೆಸರಿಗೇ ಇರಲಿ, ಒಂದು ಪ್ರತಿ ಪ್ರೊವಿನ್ಶಿಯಲ್‌ಗೆ ಹೋಗಲಿ. ನೇರ ರೋಮ್‌ಗೆ ಕಳಿಸಿದರೆ ಅದು ಸಾಮಾನ್ಯವಾಗಿ ಸುತ್ತು ಹೊಡೆದು ಬಿಷಪ್ ಮೇಜಿಗೇ ಬರುತ್ತದೆ, ಅದೂ ಅವರ ಬೆನ್ನ ಹಿಂದೆ ಹೋದ ಪತ್ರವಾಗಿ. ಬರೆಯುವಾಗ "ನ್ಯಾಯ ಕೊಡಿ" ಅಂತ ಬರೆಯಬೇಡಿ. ಎಷ್ಟು ಮಕ್ಕಳು ಓದುತ್ತಿದ್ದಾರೆ, ಎಷ್ಟು ಜನ ಲೈನ್ ಮನೆಯವರು, ಫೀಸು ಎಷ್ಟು, ಆಡಳಿತ ಬದಲಾದರೆ ಫೀಸು ಹಾಗೇ ಇರುತ್ತದಾ, ದವಾಖಾನೆಯ ಗತಿ ಏನು, ಇವನ್ನು ಕೇಳಿ. ಇವಕ್ಕೆ ಉತ್ತರ ಕೊಡದೆ ಯಾವ ಬಿಷಪ್ ಮನೆಯೂ ಮುಂದೆ ಹೋಗಲು ಹಿಂಜರಿಯುತ್ತದೆ. ವಾಟ್ಸಾಪ್ ಗುಂಪಿನಲ್ಲಿ ಬಿಷಪ್ ಫೋಟೋ ಹಾಕಿ ಬೈಯುವವರಿಗೆ ಒಂದು ಎಚ್ಚರಿಕೆ ಕೊಡಿ. ಅಧಿಕಾರದಲ್ಲಿರುವವರ ಕ್ರಮದ ಕಾರಣಕ್ಕೆ ಅವರ ಮೇಲೆ ಬಹಿರಂಗವಾಗಿ ದ್ವೇಷ ಎಬ್ಬಿಸುವುದಕ್ಕೆ ಧರ್ಮಸಭೆಯಲ್ಲಿ ಶಿಕ್ಷೆ ಇದೆ (ಕಾನನ್ 1373), ಮತ್ತು ಆ ಸ್ಕ್ರೀನ್‌ಶಾಟ್ ಸಿಸ್ಟರ್‌ಗಳ ಕಡತದಲ್ಲೇ ಅವರ ವಿರುದ್ಧ ಸಾಕ್ಷಿಯಾಗಿ ಕೂರುತ್ತದೆ.

ಅಲ್ಲಿಯ ತನಕ ಭಾನುವಾರದ ಪೂಜೆಗೆ ಧರ್ಮಕೇಂದ್ರದ ಚರ್ಚಿಗೇ ಹೋಗಿ, ಎರಡೂ ಗುಂಪಿನವರು. ಮಕ್ಕಳ ಪ್ರಥಮ ಪರಮಪ್ರಸಾದದ ತರಗತಿಯನ್ನು ಸಿಸ್ಟರ್‌ಗಳು ನಡೆಸುತ್ತಿದ್ದರೆ ಅದು ಹಾಗೇ ಮುಂದುವರಿಯಲಿ. ಅದು ಧರ್ಮಕೇಂದ್ರದ ಕೆಲಸ, ಅದಕ್ಕೂ ಶಾಲೆಯ ಪತ್ರಕ್ಕೂ ಸಂಬಂಧ ಇಲ್ಲ. ಪಹಣಿ ಮತ್ತು ದಾನಪತ್ರದ ನಕಲು ಸಿಕ್ಕರೆ ಕಳಿಸಿಕೊಡಿ. ಜಾಗದ ಬಗ್ಗೆ ಆಗ ಇನ್ನೂ ಖಚಿತವಾಗಿ ಬರೆಯುತ್ತೇನೆ.